ಮಲೆನಾಡಿನ ಮಳೆಗಾಲದಲ್ಲಿ ಹಳೆಯ ಗೇಮ್ ಬಾಯ್‌ಗಳನ್ನು ಉಳಿಸಿಕೊಳ್ಳುವುದು ಹೇಗೆ? ಸೀಲ್ ಒಡೆಯದ ಪೆಟ್ಟಿಗೆಯನ್ನು ತೆರೆಯಬೇಕೇ?

ತುಂಗಾತಟ
ಜುಲೈ 8, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಕಬ್ಬಿಣದ ಬೀರು ತೆರೆದಾಗ ಬಂದ ವಾಸನೆಯಿಂದಲೇ ಒಳಗೆ ಏನೋ ಕೆಟ್ಟಿದೆ ಎಂದು ಗೊತ್ತಾಯಿತು. ಹಸಿ ಕಂಬಳಿಯನ್ನು ಮಡಿಚಿಟ್ಟರೆ ಬರುತ್ತದಲ್ಲ, ಅಂಥ ವಾಸನೆ. ಮೇಲಿನ ಅರೆಯಲ್ಲಿದ್ದ ಗೇಮ್ ಬಾಯ್ ಮೈಕ್ರೋ ಎಂಬ ಪುಟ್ಟ ಗೇಮ್ ಯಂತ್ರದ ರಟ್ಟಿನ ಪೆಟ್ಟಿಗೆಯ ಎರಡು ಮೂಲೆಗಳಿಗೆ ಬೂಷ್ಟು ಹಿಡಿದಿತ್ತು. ಮುಚ್ಚಳದ ಒಳಭಾಗ ಬೆರಳು ತಾಗಿಸಿದರೆ ಮೆತ್ತಗೆ ಒಳಕ್ಕೆ ಹೋಗುತ್ತಿತ್ತು. ನಾನು ಹಾಗೆಯೇ ನೆಲದ ಮೇಲೆ ಕುಳಿತುಬಿಟ್ಟೆ.

ನನ್ನ ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಎರಡು ಎಕರೆ ಅಡಿಕೆ ತೋಟವಿದೆ. ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಯಂತ್ರಗಳನ್ನು ಹದಿನಾಲ್ಕು ವರ್ಷಗಳಿಂದ ಕೂಡಿಡುತ್ತಿದ್ದೇನೆ. ಹತ್ತು ಇವೆ. ಮೊದಲನೆಯದು 1996ರ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ, ತುಂಗೆಯ ದಡದ ಸಾಲು ಅಂಗಡಿಗಳಲ್ಲಿ ಅಪ್ಪ ಕೊಡಿಸಿದ ಬ್ರಿಕ್ ಗೇಮ್. ‘9999 ಇನ್ 1’ ಎಂದು ಹಣೆಯ ಮೇಲೆ ಬರೆದಿರುತ್ತಿತ್ತಲ್ಲ, ಅದೇ. ನಿಜಕ್ಕೂ ಅದರಲ್ಲಿದ್ದದ್ದು ಬೆರಳೆಣಿಕೆಯ ಆಟಗಳು, ಉಳಿದದ್ದೆಲ್ಲ ವೇಗ ಮತ್ತು ಮಟ್ಟಗಳ ಗುಣಾಕಾರ. ಆದರೂ ನನ್ನ ಪಾಲಿಗೆ ಅದು ಹತ್ತು ಸಾವಿರಕ್ಕೆ ಒಂದು ಕಡಿಮೆಯೇ ಆಗಿತ್ತು. ಉಳಿದ ಒಂಬತ್ತನ್ನು ದುಡಿಯಲು ಆರಂಭಿಸಿದ ಮೇಲೆ ಒಂದೊಂದಾಗಿ ಕೊಂಡೆ: 1989ರ ಬೂದು ಗೇಮ್ ಬಾಯ್, ಅದರ ತೆಳ್ಳಗಿನ ತಮ್ಮ ಪಾಕೆಟ್, 1998ರಲ್ಲಿ ಜಪಾನಿನಲ್ಲಿ ಮಾತ್ರ ಮಾರಿದ ಬೆಳ್ಳಿ ಬಣ್ಣದ ಗೇಮ್ ಬಾಯ್ ಲೈಟ್, ಪಿಕಾಚು ಚಿತ್ರದ ಹಳದಿ ಗೇಮ್ ಬಾಯ್ ಕಲರ್, ಒಂದು ವಂಡರ್‌ಸ್ವಾನ್, ಒಂದು ಸೆಗಾ ಗೇಮ್ ಗೇರ್, ಫ್ಯಾಮಿಕಾಂ ಬಣ್ಣದ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ, ಅದೇ ಬಣ್ಣದ ಮೈಕ್ರೋ, ಮತ್ತು ಆಟವೂ ಗಡಿಯಾರವೂ ಆಗಿರುವ 2021ರ ಜೆಲ್ಡಾ ಗೇಮ್ ಆ್ಯಂಡ್ ವಾಚ್.

ಬೂಷ್ಟು ಹಿಡಿದ ಮೈಕ್ರೋ ಈ ಗುಂಪಿನಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಟಿವಿಗೆ ಜೋಡಿಸಿ ಆಡುವ 1983ರ ಫ್ಯಾಮಿಕಾಂ ಯಂತ್ರದ ಕಂಟ್ರೋಲರ್‌ಗೆ ಇದ್ದ ಕೆಂಪು ಮತ್ತು ಚಿನ್ನದ ಬಣ್ಣವನ್ನೇ ಇದಕ್ಕೂ ಬಳಿದು 2005ರಲ್ಲಿ ಹೊರತಂದದ್ದು. ತೂಕ 80 ಗ್ರಾಂ, ಪರದೆ ಎರಡೇ ಅಂಗುಲ. ಅಂಗಿಯ ಜೇಬಿನಲ್ಲಿಟ್ಟರೆ ಬೆಂಕಿಪೊಟ್ಟಣ ಇಟ್ಟುಕೊಂಡಷ್ಟೂ ಗೊತ್ತಾಗುವುದಿಲ್ಲ. ದೊಡ್ಡಪ್ಪನ ಮಗ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ನಿಪ್ಪೊಂಬಾಶಿಯ ಹಳೆಯ ಗೇಮ್ ಅಂಗಡಿಗಳನ್ನು ಮೂರು ಶನಿವಾರ ಸುತ್ತಿ, ಪೆಟ್ಟಿಗೆ, ಕೈಪಿಡಿ, ಚಾರ್ಜರ್ ಎಲ್ಲ ಇರುವ ಒಂದನ್ನು ಹುಡುಕಿ, ತಂಗಿಯ ಮದುವೆಗೆ ಬರುವಾಗ ಬಟ್ಟೆಗಳ ನಡುವೆ ಸುತ್ತಿ ತಂದುಕೊಟ್ಟ. ಇಪ್ಪತ್ತು ವರ್ಷ ಜಪಾನಿನಲ್ಲಿ ಕೆಡದೆ ಉಳಿದ ರಟ್ಟು ನನ್ನ ಮನೆಯಲ್ಲಿ ಐದು ವಾರದಲ್ಲಿ ಕೆಟ್ಟಿತು. ಅವನಿಗೆ ಇನ್ನೂ ಹೇಳಿಲ್ಲ.

ಆಮೇಲೆ ಎಲ್ಲವನ್ನೂ ಹೊರಗೆ ತೆಗೆದು ನೋಡಿದೆ. ಹಳದಿ ಗೇಮ್ ಬಾಯ್ ಕಲರ್‌ನಲ್ಲಿ ಕಳೆದ ದಸರಾ ರಜೆಯಲ್ಲಿ ಹಾಕಿದ್ದ ಸೆಲ್‌ಗಳು ಒಳಗೇ ಉಳಿದಿದ್ದವು. ಕಿರಾಣಿ ಅಂಗಡಿಯಲ್ಲಿ ಸಿಗುವ ಸಾಧಾರಣ ಸೆಲ್. ಅವು ಒಸರಿ ಸ್ಪ್ರಿಂಗಿನ ಸುತ್ತ ಹಸಿರು ಕಿಲುಬು ಕಟ್ಟಿದೆ. ಬ್ರಿಕ್ ಗೇಮ್‌ನ ಸೆಲ್ ಗೂಡಿನ ಮುಚ್ಚಳ ಎಂದೋ ಕಳೆದುಹೋಗಿದೆ, ಆ ಗೂಡಿನಲ್ಲಿ ಕುಂಬಾರ ಹುಳು ಮಣ್ಣಿನ ಮನೆ ಕಟ್ಟಿದೆ. ಗೇಮ್ ಗೇರ್ ಹಚ್ಚಿದರೆ ಚಿತ್ರ ಮಂಕಾಗಿ ಕಾಣುತ್ತದೆ, ದನಿ ಕಿವಿಗೆ ಒತ್ತಿ ಹಿಡಿದರೆ ಮಾತ್ರ ಕೇಳುತ್ತದೆ, ಮೀನಿನಂಥ ವಾಸನೆಯೂ ಇದೆ.

ಈಗ ನನ್ನ ಪ್ರಶ್ನೆ. ನಮ್ಮಲ್ಲಿ ಆರಿದ್ರಾ ಮಳೆ ಹಿಡಿದರೆ ಮಘೆ ಮುಗಿಯುವವರೆಗೆ ಬಟ್ಟೆ ಒಣಗುವುದಿಲ್ಲ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಬೇರೆ ದೇಶದವರು ಬರೆದ ಸಲಹೆಗಳನ್ನೆಲ್ಲ ಓದಿದ್ದೇನೆ. ‘ತಂಪಾದ, ಒಣಗಿದ ಜಾಗದಲ್ಲಿಡಿ’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ತಂಪಾದ ಜಾಗ ಎಲ್ಲೆಲ್ಲೂ ಇದೆ, ಒಣಗಿದ ಜಾಗ ಬಚ್ಚಲೊಲೆಯ ಮೇಲಿನ ಅಟ್ಟ ಒಂದೇ. ಮಲೆನಾಡಿನಲ್ಲೇ ಇದ್ದು ಇಂಥ ವಸ್ತುಗಳನ್ನು ಉಳಿಸಿಕೊಂಡವರು ಯಾರಾದರೂ ಇದ್ದರೆ ಹೇಗೆ ಎಂದು ತಿಳಿಸಿ.

ಇನ್ನೊಂದು ವಿಷಯ. ಜೆಲ್ಡಾ ಗೇಮ್ ಆ್ಯಂಡ್ ವಾಚ್‌ನ ಸೀಲನ್ನು ನಾನು ಇನ್ನೂ ಒಡೆದಿಲ್ಲ. ಸೀಮಿತ ಆವೃತ್ತಿ, ಹಾಗೆಯೇ ಇರಲಿ ಎಂದುಕೊಂಡಿದ್ದೆ. ಆದರೆ ಅದರೊಳಗೆ ಚಾರ್ಜ್ ಆಗುವ ಬ್ಯಾಟರಿ ಇದೆ. ಕೊಂಡಾಗಿನಿಂದ ಒಮ್ಮೆಯೂ ಚಾರ್ಜ್ ಮಾಡಿಲ್ಲ. ತೆರೆಯಲೇ? ಬೇಡವೇ?


ಸಾಗರದ ಬೆಸುಗೆ
ಜುಲೈ 9, ಬೆಳಿಗ್ಗೆ 6.15

ತುಂಗಾತಟ ಅವರೇ, ನಿಮ್ಮ ಬರಹ ಓದಿ ಬೇಸರವಾಯಿತು. ಮೊದಲು ಒಂದು ಕೆಲಸ ಮಾಡಿ ಮಾರಾಯರೇ: ಹತ್ತರಲ್ಲಿ ಯಾವುದರಲ್ಲಿ ಸೆಲ್ ಇದ್ದರೂ ಈಗಲೇ ತೆಗೆದು ಹೊರಗಿಡಿ. ಉಳಿದದ್ದನ್ನು ಆಮೇಲೆ ಓದಿ.

ನಾನು ಸಾಗರದಲ್ಲಿ ಮೂವತ್ತೊಂದು ವರ್ಷಗಳಿಂದ ರೇಡಿಯೋ, ಟಿವಿ, ಈಗ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಗೇಮ್ ಯಂತ್ರಗಳನ್ನು ಕೂಡಿಡುವವನಲ್ಲ, ಆದರೆ ಬಂದದ್ದನ್ನು ಬಿಚ್ಚದೆ ಕಳಿಸಿದವನೂ ಅಲ್ಲ.

ಸೆಲ್ ಒಸರಿದ್ದನ್ನು ತೊಳೆಯಲು ನಿಂಬೆರಸ ಅಥವಾ ವಿನೆಗರ್ ಹಾಕಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಆಲ್ಕಲೈನ್ ಸೆಲ್‌ಗೆ ಸರಿ. ಅದರಿಂದ ಒಸರುವುದು ಕ್ಷಾರ, ಹುಳಿ ಹಾಕಿದರೆ ಶಮನವಾಗುತ್ತದೆ. ನೀವು ಹಾಕಿದ್ದು ಕಿರಾಣಿ ಅಂಗಡಿಯ ಸಾಧಾರಣ ಸೆಲ್, ಅಂದರೆ ಬಹುತೇಕ ಜಿಂಕ್ ಕಾರ್ಬನ್. ಅದರ ರಸವೇ ಆಮ್ಲ. ಅದಕ್ಕೆ ಮತ್ತೆ ಹುಳಿ ಸುರಿದರೆ ತಗಡನ್ನು ಇನ್ನಷ್ಟು ತಿನ್ನಿಸಿದಂತೆ. ಅಡುಗೆ ಸೋಡಾವನ್ನು ನಾಲ್ಕು ಹನಿ ನೀರಿನಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸ್ಪ್ರಿಂಗಿಗೆ ಮಾತ್ರ ಹಚ್ಚಿ, ಒರೆಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಎರಡು ಸಲ ಒರೆಸಿ. ತಗಡು ಹೊಳೆಯದಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ. ಉಪ್ಪುಕಾಗದ ಬೇಡ. ತಗಡಿನ ಮೇಲಿನ ಲೇಪ ಒಮ್ಮೆ ಹೋದರೆ ಮುಂದಿನ ಮಳೆಗಾಲಕ್ಕೆ ಅದು ತಾನಾಗಿಯೇ ತುಕ್ಕು ಹಿಡಿಯುತ್ತದೆ.

ಕುಂಬಾರ ಹುಳುವಿನ ಗೂಡಿಗೆ ನೀರು ಹಾಕಬೇಡಿ, ಮಣ್ಣು ಕರಗಿ ಒಳಕ್ಕಿಳಿಯುತ್ತದೆ. ಒಣಗಿದ್ದನ್ನೇ ಬಿದಿರಿನ ಕಡ್ಡಿಯಿಂದ ಕೆರೆದು, ಯಂತ್ರವನ್ನು ಮಗುಚಿ ತಟ್ಟಿ. ನನ್ನ ಅಂಗಡಿಗೆ ಬರುವ ಸ್ಟೆಬಿಲೈಸರ್‌ಗಳಲ್ಲಿ ಅರ್ಧಕ್ಕೆ ಇದೇ ಕಾಯಿಲೆ.

ಇನ್ನು ತೇವ. ನೀವು ಬೀರುವಿನಲ್ಲಿಟ್ಟದ್ದೇ ತಪ್ಪಾಯಿತು. ಕಬ್ಬಿಣ ರಾತ್ರಿ ಬೇಗ ತಣಿಯುತ್ತದೆ, ಒಳಗಿನ ಗಾಳಿ ಅದಕ್ಕೆ ತಾಗಿ ಬೆವರುತ್ತದೆ. ಮರದ ಕಪಾಟು ಇದ್ದರೆ ಅದಕ್ಕೆ ಸ್ಥಳಾಂತರಿಸಿ. ಫೋಟೋ ಸ್ಟುಡಿಯೋದವರು ಮೊದಲು ಕ್ಯಾಮೆರಾ ಮಸೂರಗಳಿಗೆ ಮಾಡುತ್ತಿದ್ದ ಉಪಾಯವೊಂದಿದೆ. ಕಪಾಟಿನ ತಳದಲ್ಲಿ 15 ವ್ಯಾಟ್‌ನ ಹಳೆಯ ಮಾದರಿಯ ಬಲ್ಬು, ಅದಕ್ಕೊಂದು ತಗಡಿನ ಮರೆ, ಅದರ ಮೇಲೆ ಸಂದು ಬಿಟ್ಟ ಹಲಗೆ. ಗಾಳಿ ಬಿಸಿಯಾದರೆ ತೇವ ಹೊರಗೆ ಹೋಗುವುದಿಲ್ಲ, ಆದರೆ ಗಾಳಿಯ ಹಿಡಿಯುವ ಶಕ್ತಿ ಹೆಚ್ಚುತ್ತದೆ. 22 ಡಿಗ್ರಿಯಲ್ಲಿ ಶೇ 90 ಇರುವ ಆರ್ದ್ರತೆ, ಅದೇ ಗಾಳಿ 27 ಡಿಗ್ರಿಗೆ ಬಂದರೆ ಶೇ 67ರ ಆಸುಪಾಸಿಗೆ ಇಳಿಯುತ್ತದೆ. ಬೂಷ್ಟು ಬೆಳೆಯುವ ಮಟ್ಟದ ಅಂಚಿಗೆ ಅಲ್ಲಿಗೇ ಬಂದಂತಾಯಿತು. ಉಳಿದದ್ದಕ್ಕೆ ತೇವ ಹೀರುವ ಸಿಲಿಕಾ ಜೆಲ್ ಹರಳು. ಆದರೆ ಎಲ್ಲಕ್ಕಿಂತ ಮೊದಲು ಒಂದು ಆರ್ದ್ರತೆ ಮೀಟರ್ ಕೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಳೆಯದೆ ಮಾಡುವುದೆಲ್ಲ ಕತ್ತಲಲ್ಲಿ ಬೆಸುಗೆ ಹಾಕಿದಂತೆ.

ಅಟ್ಟದ ಮೇಲೆ ಇಡಬೇಡಿ. ಒಣಗಿರುತ್ತದೆ ನಿಜ, ಹೊಗೆಯ ಜಿಡ್ಡು ಗುಂಡಿಗಳ ಸಂದಿಗೆ ಇಳಿದರೆ ತೆಗೆಯಲು ಬರುವುದಿಲ್ಲ. ಅಡಿಕೆ ಡ್ರೈಯರ್‌ನಲ್ಲಿ ಒಂದು ಗಂಟೆ ಇಡಬಹುದೇ ಎಂದು ಹೋದ ವರ್ಷ ಒಬ್ಬರು ಕೇಳಿದ್ದರು. ಖಂಡಿತ ಬೇಡ. ಅಡಿಕೆ ತಡೆಯುವ ಬಿಸಿಯನ್ನು ಪರದೆಯ ಧ್ರುವಕ ಹಾಳೆಯಾಗಲಿ ಲಿಥಿಯಂ ಬ್ಯಾಟರಿಯಾಗಲಿ ತಡೆಯುವುದಿಲ್ಲ.

ಗೇಮ್ ಗೇರ್‌ನ ಮೀನಿನ ವಾಸನೆ ಬೋರ್ಡಿನ ಮೇಲೆ ವಿದ್ಯುತ್ ಕೂಡಿಡುವ ಬಿಡಿಭಾಗಗಳಾದ ಕೆಪಾಸಿಟರ್‌ಗಳದ್ದು. ಆ ಕಾಲದ ಸಣ್ಣ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ಸೋರಿ ಬೋರ್ಡನ್ನು ತಿನ್ನುತ್ತವೆ. ಆ ಯಂತ್ರದಲ್ಲಿ ಇದು ಎಲ್ಲರಿಗೂ ಬರುವ ತೊಂದರೆ, ನಿಮ್ಮ ತಪ್ಪಲ್ಲ. ಮತ್ತೆ ಹಚ್ಚಿ ನೋಡಬೇಡಿ. ಎಲ್ಲ ಕೆಪಾಸಿಟರ್‌ಗಳನ್ನೂ ಬದಲಿಸಬೇಕು, ನಾನು ಮಾಡಿಕೊಡುತ್ತೇನೆ.

ಜೆಲ್ಡಾ ಬಗ್ಗೆ ನನ್ನ ಮಾತು ಸ್ಪಷ್ಟ: ತೆರೆಯಿರಿ. ಲಿಥಿಯಂ ಬ್ಯಾಟರಿ ಪೂರ್ತಿ ಬರಿದಾಗಿ ವರ್ಷಗಟ್ಟಲೆ ಬಿದ್ದಿದ್ದರೆ ಒಳಗಿನ ತಾಮ್ರ ಕರಗಲು ಶುರುವಾಗುತ್ತದೆ. ಆಮೇಲೆ ಅದು ಚಾರ್ಜ್ ಹಿಡಿಯುವುದಿಲ್ಲ, ಉಬ್ಬುವುದೂ ಉಂಟು. ಹೊರಗಿನ ಪ್ಲಾಸ್ಟಿಕ್ ಸುತ್ತು ಗಾಳಿಯಾಡದ ಡಬ್ಬಿಯಲ್ಲ, ತೇವ ಅದರೊಳಗೂ ಹೋಗುತ್ತದೆ.


ಕೊಪ್ಪದ ಹುಡುಗ
ಜುಲೈ 9, ಮಧ್ಯಾಹ್ನ 1.30

ಬೆಸುಗೆಯಣ್ಣ ಹೇಳಿದ ಉಳಿದೆಲ್ಲವನ್ನೂ ಒಪ್ಪುತ್ತೇನೆ, ಕೊನೆಯ ಮಾತನ್ನು ಒಪ್ಪಲಾರೆ. ನಾನು ಕೊಪ್ಪದವನು, ಈಗ ಬೆಂಗಳೂರಿನಲ್ಲಿದ್ದೇನೆ, ಆರು ವರ್ಷಗಳಿಂದ ಇವನ್ನು ಕೊಂಡು ಮಾರುತ್ತಿದ್ದೇನೆ. ಸೀಲ್ ಒಡೆಯದ ಗೇಮ್ ಆ್ಯಂಡ್ ವಾಚ್‌ಗೂ ಒಡೆದದ್ದಕ್ಕೂ ಕೊಳ್ಳುವವರ ಕಣ್ಣಿನಲ್ಲಿ ದೊಡ್ಡ ಅಂತರವಿದೆ. ಒಮ್ಮೆ ಒಡೆದರೆ ಮರಳಿ ಅಂಟಿಸಲಾಗದು. ಬ್ಯಾಟರಿ ಸತ್ತರೆ ಬೇರೆ ಬ್ಯಾಟರಿ ಹಾಕಬಹುದು. ಸೀಲ್‌ಗೆ ಬದಲಿ ಎಲ್ಲಿ ಸಿಗುತ್ತದೆ? ನಿಮ್ಮಿಂದ ಅದನ್ನು ಕೊಂಡು ಬೆಂಗಳೂರಿನಲ್ಲಿ ಇಟ್ಟುಕೊಳ್ಳಲು ನಾನೇ ಸಿದ್ಧನಿದ್ದೇನೆ, ನ್ಯಾಯವಾದ ಬೆಲೆ ಕೊಡುತ್ತೇನೆ.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು. ಫ್ಯಾಮಿಕಾಂ ಬಣ್ಣದ ಎಸ್‌ಪಿ ಎಲ್ಲಿ ಕೊಂಡಿರಿ? ಸಾಧಾರಣ ಎಸ್‌ಪಿಗೆ ಹೊಸ ಕವಚ ತೊಡಿಸಿ ಸೀಮಿತ ಆವೃತ್ತಿ ಎಂದು ಮಾರುವವರು ತುಂಬಾ ಇದ್ದಾರೆ. ಮೊದಲು ಹಿಂಬದಿಯ ಸ್ಕ್ರೂ ನೋಡಿ. ಮೂಲದಲ್ಲಿ ಮೂರು ರೆಕ್ಕೆಯ ತಲೆಯ ಸ್ಕ್ರೂ ಇರುತ್ತದೆ. ಬ್ಯಾಟರಿ ಮುಚ್ಚಳದ್ದೊಂದನ್ನು ಬಿಟ್ಟು ಬೇರೆಲ್ಲಾದರೂ ಪ್ಲಸ್ ಗುರುತಿನ ಸ್ಕ್ರೂ ಇದ್ದರೆ ಯಾರೋ ಬಿಚ್ಚಿದ್ದಾರೆ. ಆಮೇಲೆ ಬೆಳಕಿನ ಗುಂಡಿ ಒತ್ತಿ. ಆ ಬಣ್ಣದ ಎಸ್‌ಪಿ 2004ರದ್ದು, ಆಗಿನ ಪರದೆಗೆ ಬೆಳಕು ಮುಂದಿನಿಂದ ಬೀಳುತ್ತಿತ್ತು. ಗುಂಡಿ ಒತ್ತಿದರೆ ಬೆಳಕು ಪೂರ್ತಿ ಆರಬೇಕು. ಆರದೆ ಪ್ರಖರ, ಮಂದ ಎಂಬ ಎರಡು ಮಟ್ಟಗಳ ನಡುವೆ ಬದಲಾದರೆ ಅದು 2005ರಲ್ಲಿ ಬಂದ ಹಿಂಬೆಳಕಿನ ಪರದೆ. ಹಾಗಿದ್ದರೆ ಒಳಗಿನದು ಒಂದು ಯಂತ್ರ, ಹೊರಗಿನದು ಇನ್ನೊಂದು. ಆಡಲು ಆ ಹೊಸ ಪರದೆಯೇ ಚಂದ, ಆದರೆ ನೀವು ಹಣ ಕೊಟ್ಟದ್ದು ಅದಕ್ಕಲ್ಲ. ಮೈಕ್ರೋದ ಮುಂದಿನ ಫಲಕವನ್ನೂ ಹೀಗೆಯೇ ಪರೀಕ್ಷಿಸಬೇಕು. ಅದು ಕಳಚಿ ಬದಲಿಸುವಂಥದ್ದಾದ್ದರಿಂದ ನಕಲಿ ಫಲಕಗಳು ಬೇಕಾದಷ್ಟಿವೆ. ಸರಿಯಾದದ್ದು ಅಂಚಿನಲ್ಲಿ ಎಲ್ಲೂ ಎದ್ದು ನಿಲ್ಲುವುದಿಲ್ಲ.

ಪೋಕೆಮಾನ್ ಗೋಲ್ಡ್ ಅಥವಾ ಸಿಲ್ವರ್ ಆಟದ ಕಾರ್ಟ್ರಿಡ್ಜ್ (ಯಂತ್ರಕ್ಕೆ ಸಿಕ್ಕಿಸುವ ಬಿಲ್ಲೆ) ಇದ್ದರೆ ಅದರೊಳಗೂ ಸಿಆರ್2025 ಗುಂಡಿ ಸೆಲ್ ಒಂದಿದೆ. ಗಡಿಯಾರಕ್ಕೂ ಉಳಿಸಿದ ಆಟಕ್ಕೂ ಅದೇ ಆಧಾರ. ಅದನ್ನು ಮರೆಯಬೇಡಿ.


ಹಳೆಯ ಕಾಗದ
ಜುಲೈ 9, ರಾತ್ರಿ 8.20

ನಾನು ಶಿವಮೊಗ್ಗದಲ್ಲಿ ಕಾಲೇಜೊಂದರ ಗ್ರಂಥಾಲಯ ನೋಡಿಕೊಳ್ಳುವವಳು. ನನ್ನಲ್ಲಿ ಗೇಮ್ ಬಾಯ್ ಒಂದೇ ಇದೆ, 1995ರ ಪಾರದರ್ಶಕ ಕವಚದ್ದು. ಒಳಗಿನ ಬೋರ್ಡು, ಸ್ಪೀಕರು ಎಲ್ಲ ಕಾಣುತ್ತದೆ ಎಂಬ ಕಾರಣಕ್ಕೇ ಕೊಂಡೆ. ಅದರ ಬಗ್ಗೆ ಹೇಳುವಷ್ಟು ನನಗೆ ತಿಳಿಯದು. ರಟ್ಟಿನ ಬಗ್ಗೆ ಹೇಳಬಲ್ಲೆ.

ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಒರೆಸಿದರೆ ಅದು ರಟ್ಟಿನ ನಾರಿನೊಳಕ್ಕೆ ಹೋಗಿ ಕಲೆ ಶಾಶ್ವತವಾಗುತ್ತದೆ. ಮೊದಲು ಪೆಟ್ಟಿಗೆ ಒಣಗಬೇಕು. ಫ್ಯಾನಿನ ಕೆಳಗೆ, ಅಂಚುಗಳನ್ನು ಬಿಡಿಸಿ, ಒಳಗೆ ಬಿಳಿಯ ಹೀರುಕಾಗದ ತುಂಬಿ ಎರಡು ದಿನ ಇಡಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜಗಲಿಗೆ ತಂದು, ಮೃದುವಾದ ಕುಂಚದಿಂದ ಮನೆಯಿಂದ ಹೊರಮುಖವಾಗಿ ಗುಡಿಸಿ. ಬಿಸಿಲು ಬಂದಿತೆಂದು ಅಂಗಳದಲ್ಲಿ ಒಣಗಿಸಬೇಡಿ, ಕೆಂಪು ಶಾಯಿ ಎಲ್ಲಕ್ಕಿಂತ ಮೊದಲು ಮಾಸುತ್ತದೆ. ನುಸಿಗುಳಿಗೆಯನ್ನೂ ಇಡಬೇಡಿ. ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಕಾಗದಕ್ಕೆ ಹುಳು ಬಾರದಿರಲು ನಮ್ಮ ಅಜ್ಜಿಯಂದಿರು ಬಜೆಯ ಬೇರಿನ ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು. ಅದನ್ನು ನಾನು ಈಗಲೂ ಇಡುತ್ತೇನೆ.

ಗಾಳಿಯಾಡದ ಡಬ್ಬಿ ಒಳ್ಳೆಯದೇ, ಆದರೆ ಯಾವಾಗ ಮುಚ್ಚುತ್ತೀರಿ ಎಂಬುದರಲ್ಲಿ ಎಲ್ಲವೂ ಇದೆ. ಜುಲೈ ತಿಂಗಳಲ್ಲಿ ಮುಚ್ಚಿದರೆ ಜುಲೈನ ಗಾಳಿಯನ್ನೇ ಒಳಗೆ ಕೂಡಿಹಾಕಿದಂತೆ. ರಟ್ಟು ತಾನೇ ನೀರು ಹಿಡಿದುಕೊಂಡಿರುತ್ತದೆ, ಡಬ್ಬಿಯೊಳಗೆ ನಿಧಾನವಾಗಿ ಬಿಡುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಮನೆಯೆಲ್ಲ ಬಿರಿಯುವಂತೆ ಒಣಗಿರುತ್ತದಲ್ಲ, ಮುಚ್ಚುವ ಕೆಲಸ ಆಗ ಆಗಬೇಕು. ಈ ವರ್ಷಕ್ಕೆ ಸಿಲಿಕಾ ಜೆಲ್ ಧಾರಾಳವಾಗಿ ಹಾಕಿ, ವಾರಕ್ಕೊಮ್ಮೆ ಬದಲಿಸಿ. ನೀಲಿ ಹರಳಿನದ್ದು ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಕಿತ್ತಳೆ ಬಣ್ಣದ್ದು ತನ್ನಿ. ಬಣ್ಣ ಬದಲಾದಾಗ ಸಣ್ಣ ಉರಿಯಲ್ಲಿ ಹುರಿದರೆ ಮರಳಿ ಸಿದ್ಧವಾಗುತ್ತದೆ, ಅದಕ್ಕೆಂದೇ ಬೇರೆ ಬಾಣಲೆ ಇರಲಿ.

ಕೊನೆಗೊಂದು ಸಲಹೆ. ಕೂಡಿಡುವವರಿಗೆ ಇದು ರುಚಿಸದಿರಬಹುದು. ಪೆಟ್ಟಿಗೆಯೂ ಯಂತ್ರವೂ ಒಂದೇ ಮನೆಯಲ್ಲಿರಲೇಬೇಕೇ? ಯಂತ್ರಕ್ಕೆ ನೀವು ಬೇಕು, ಆಗಾಗ ಕೈ ತಾಗಬೇಕು. ರಟ್ಟಿಗೆ ಬೇಕಾದದ್ದು ಒಣಹವೆ ಮಾತ್ರ. ಶಿವಮೊಗ್ಗ ಪೇಟೆಯಲ್ಲೇ ನಿಮ್ಮಲ್ಲಿಗಿಂತ ಮಳೆ ಎಷ್ಟೋ ಕಡಿಮೆ. ಅದಕ್ಕೂ ಪೂರ್ವಕ್ಕೆ ಹೋದರೆ ಇನ್ನೂ ಕಡಿಮೆ. ಬಯಲುಸೀಮೆಯಲ್ಲಿ ನೆಂಟರು ಯಾರೂ ಇಲ್ಲವೇ?


ತುಂಗಾತಟ
ಜುಲೈ 13, ರಾತ್ರಿ 10.35

ಮೂವರಿಗೂ ಕೈಮುಗಿದು ಧನ್ಯವಾದ. ನಾಲ್ಕು ದಿನ ಇಂಟರ್ನೆಟ್ ಇರಲಿಲ್ಲ, ಲೈನಿನ ಮೇಲೆ ಮರ ಬಿದ್ದಿತ್ತು.

ಹಳದಿ ಗೇಮ್ ಬಾಯ್ ಬದುಕಿತು. ಅಡುಗೆ ಸೋಡಾ ಹಾಕಿದ ಕೂಡಲೇ ಸಣ್ಣಗೆ ನೊರೆ ಬಂದಾಗ ಬೆಸುಗೆಯವರು ಹೇಳಿದ್ದು ಕಣ್ಣೆದುರು ಕಂಡಿತು. ನಾನು ಆ ದಿನವೇ ನಿಂಬೆಹಣ್ಣು ಕೊಯ್ದು ಇಟ್ಟುಕೊಂಡಿದ್ದೆ. ನಿಮ್ಮನ್ನು ಕೇಳದಿದ್ದರೆ ಅದನ್ನೇ ಹಿಂಡುತ್ತಿದ್ದೆ. ಒಂದು ಸ್ಪ್ರಿಂಗು ಕಪ್ಪಾಗಿಯೇ ಉಳಿದಿದೆ, ಆದರೆ ವಿದ್ಯುತ್ ಹರಿಯುತ್ತದೆ.

ಎಸ್‌ಪಿಯನ್ನು ಕೊಪ್ಪದ ತಮ್ಮ ಹೇಳಿದಂತೆ ಪರೀಕ್ಷಿಸಿದೆ. ರಾತ್ರಿ ದೀಪ ಆರಿಸಿ ಗುಂಡಿ ಒತ್ತಿದೆ. ಪರದೆಯ ಬೆಳಕು ಪೂರ್ತಿ ಆರಿತು, ಕೋಣೆ ಕತ್ತಲಾಯಿತು. ಕವಚದ ಸ್ಕ್ರೂಗಳೂ ಮೂರು ರೆಕ್ಕೆಯವೇ. ಏಳು ವರ್ಷಗಳಿಂದ ನನ್ನ ಬಳಿಯಿರುವ ವಸ್ತು ನಿಜವಾದದ್ದು ಎಂದು ಮೊನ್ನೆ ಖಚಿತವಾಯಿತು. ತುಂಬಾ ಸಂತೋಷವಾಯಿತು ತಮ್ಮಾ.

ಮೈಕ್ರೋ ಪೆಟ್ಟಿಗೆಯ ಬೂಷ್ಟನ್ನು ಗುಡಿಸಿದೆ. ಎಡ ಮೂಲೆಯಲ್ಲಿ ಉಗುರಿನಷ್ಟು ಕಂದು ಕಲೆ ಉಳಿಯಿತು, ಅದು ಹೋಗುವುದಿಲ್ಲ. ಒಸಾಕಾಕ್ಕೆ ಫೋನ್ ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಂತ್ರ ಹೇಗಿದೆ?’ ಎಂದು ಕೇಳಿದ. ಚೆನ್ನಾಗಿದೆ ಎಂದೆ. ‘ನಾನು ತಂದದ್ದು ಯಂತ್ರವನ್ನು’ ಎಂದ.

ಅಕ್ಕನನ್ನು ದಾವಣಗೆರೆಗೆ ಕೊಟ್ಟಿದೆ. ಮೇಡಂ ಅವರ ಪ್ರಶ್ನೆ ಓದಿದಾಗ ಇದು ನನಗೆ ಇಷ್ಟು ದಿನ ಏಕೆ ಹೊಳೆಯಲಿಲ್ಲ ಎನ್ನಿಸಿತು. ಹಪ್ಪಳ ಸಂಡಿಗೆಗೆ ಬೇಕಾದ ಮೆಣಸಿನಕಾಯಿ ಪ್ರತಿವರ್ಷ ಅಲ್ಲಿಂದ ಒಣಗಿಯೇ ಬರುತ್ತದೆ. ಭಾವ ಮುಂದಿನ ವಾರ ಬರುತ್ತಾರೆ, ಖಾಲಿ ಪೆಟ್ಟಿಗೆಗಳನ್ನೆಲ್ಲ ಅವರ ಕಾರಿನಲ್ಲಿ ಕಳಿಸುತ್ತೇನೆ. ಅಕ್ಕ ಫೋನಿನಲ್ಲಿ, ‘ಖಾಲಿ ಡಬ್ಬಿ ಕಾಯುವುದಕ್ಕೆ ನಾನೇ ಬೇಕಾಯಿತೇ?’ ಎಂದಳು. ಆಮೇಲೆ ಅವಳೇ, ದೇವರ ಕೋಣೆಯ ಪಕ್ಕದ ಮಾಡಿನಲ್ಲಿ ಜಾಗ ಇದೆ, ಅಲ್ಲಿ ಯಾರೂ ಮುಟ್ಟುವುದಿಲ್ಲ ಎಂದಳು.

ಜೆಲ್ಡಾ ಬಗ್ಗೆ ಇನ್ನೂ ಯೋಚಿಸುತ್ತಿದ್ದೇನೆ. ತಮ್ಮನ ಮಾತು ಸುಳ್ಳಲ್ಲ, ಸೀಲ್ ಮರಳಿ ಬರುವುದಿಲ್ಲ. ಆದರೆ ನಾನು ಅದನ್ನು ಮಾರುವುದಿಲ್ಲ. ಮಾರುವುದಿಲ್ಲ ಎಂದಾದ ಮೇಲೆ ಯಾರಿಗಾಗಿ ಮುಚ್ಚಿಡಬೇಕು ಎಂಬುದೇ ನನ್ನನ್ನು ಕೊರೆಯುತ್ತಿದೆ. ಗೇಮ್ ಆ್ಯಂಡ್ ವಾಚ್ ಹುಟ್ಟಿದ ಬಗೆ ನಿಮಗೂ ಗೊತ್ತಿರಬಹುದು. ಇವನ್ನು ರೂಪಿಸಿದ ನಿಂಟೆಂಡೊ ಕಂಪನಿಯ ಗುನ್‌ಪೇ ಯೊಕೊಯಿ ಒಮ್ಮೆ ಬುಲೆಟ್ ರೈಲಿನಲ್ಲಿ ಹೋಗುವಾಗ, ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತಾ ಕುಳಿತ ಪ್ರಯಾಣಿಕನೊಬ್ಬನನ್ನು ಕಂಡರಂತೆ. ಕ್ಯಾಲ್ಕುಲೇಟರಿನ ಪರದೆ ಆಗ ಅಗ್ಗವಾಗಿತ್ತು, ಎಲ್ಲೆಡೆ ಸಿಗುತ್ತಿತ್ತು. ಅದರಲ್ಲೇ ಆಟ ಮಾಡಿ 1980ರಲ್ಲಿ ಮೊದಲನೆಯದನ್ನು ತಂದರು. ಒಂಬತ್ತು ವರ್ಷದ ಮೇಲೆ ಗೇಮ್ ಬಾಯ್‌ಗೆ ಬಣ್ಣದ ಪರದೆ ಹಾಕದೆ ಬೂದು ಹಸಿರಿನ ನಾಲ್ಕೇ ಛಾಯೆಗಳ ಪರದೆ ಹಾಕಿದ್ದೂ ಅದೇ ಯೋಚನೆಯಿಂದ. ಅದೇ ವರ್ಷ ಬಣ್ಣದ ಪರದೆಯ ಅಟಾರಿ ಲಿಂಕ್ಸ್ ಯಂತ್ರ ಬಂದಿತ್ತು, ಮರುವರ್ಷ ಗೇಮ್ ಗೇರ್ ಬಂತು. ಗೇಮ್ ಗೇರ್ ಆರು ಸೆಲ್‌ಗಳನ್ನು ಕೆಲವೇ ಗಂಟೆಗಳಲ್ಲಿ ತಿಂದು ಮುಗಿಸುತ್ತಿತ್ತು. ಗೇಮ್ ಬಾಯ್ ನಾಲ್ಕು ಸೆಲ್‌ಗಳಲ್ಲಿ ದಿನಗಟ್ಟಲೆ ನಡೆಯಿತು. ನನ್ನ ವಂಡರ್‌ಸ್ವಾನ್ ಒಂದೇ ಸೆಲ್‌ನಲ್ಲಿ ನಡೆಯುತ್ತದೆ, ಅದರ ಹಿಂದೆಯೂ ಅವರದೇ ಕೈ. ಅದು 1999ರಲ್ಲಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಅವರು ಇರಲಿಲ್ಲ. 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು.

ಬಸ್ಸಿನಲ್ಲಿ, ರೈಲಿನಲ್ಲಿ, ಕೈಬೆವರಿನಲ್ಲಿ ಸವೆಯಲಿ ಎಂದು ಒಬ್ಬರು ಬದುಕಿಡೀ ಯೋಚಿಸಿ ಮಾಡಿದ ವಸ್ತುವನ್ನು ನಾನು ಬೀರುವಿನಲ್ಲಿ ಕೊಳೆಯಲು ಬಿಟ್ಟಿದ್ದೆ. ಇದನ್ನು ಬರೆಯುವಾಗಲೂ ನೋವಾಗುತ್ತದೆ.


ಕೊಪ್ಪದ ಹುಡುಗ
ಜುಲೈ 14, ಬೆಳಿಗ್ಗೆ 9.05

ಎಸ್‌ಪಿ ನಿಜವಾದದ್ದು ಎಂದು ಓದಿ ನನಗೂ ಖುಷಿಯಾಯಿತು ಅಣ್ಣ. ಮಾರುವುದಿಲ್ಲ ಎಂದರೆ ನನ್ನ ವಾದಕ್ಕೆ ಬಲವಿಲ್ಲ. ತೆರೆಯುವುದಾದರೆ ಪ್ಲಾಸ್ಟಿಕ್ ಸುತ್ತನ್ನು ಹರಿಯಬೇಡಿ. ತಳದ ಅಂಟಿನ ಗೆರೆಗುಂಟ ಹೊಸ ಬ್ಲೇಡಿನಿಂದ ಸೀಳಿ, ಸುತ್ತನ್ನು ಕೊಳವೆಯಂತೆ ಜಾರಿಸಿ ತೆಗೆದು ಇಟ್ಟುಕೊಳ್ಳಿ. ಒಳಗಿನ ರಟ್ಟನ್ನು ಎಸೆಯಬೇಡಿ, ಅದೇ ಯಂತ್ರ ನಿಲ್ಲಿಸುವ ಪೀಠವಾಗುತ್ತದೆ. ಚಾರ್ಜರ್ ಒಳಗೆ ಬರುವುದಿಲ್ಲ, ಯುಎಸ್‌ಬಿ ತಂತಿ ಮಾತ್ರ ಇರುತ್ತದೆ.


ತುಂಗಾತಟ
ಜುಲೈ 27, ರಾತ್ರಿ 9.10

ತೆರೆದೆ.

ಪುಷ್ಯ ಮಳೆ ಜಡಿಯುತ್ತಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಗುಡುಗು ಇರಲಿಲ್ಲವಾದ್ದರಿಂದ ಚಾರ್ಜಿಗೆ ಹಾಕಲು ಧೈರ್ಯ ಮಾಡಿದೆ. ಮೊದಲ ಹತ್ತು ನಿಮಿಷ ಪರದೆಯ ಮೇಲೆ ಏನೂ ಬರಲಿಲ್ಲ. ಬೆಸುಗೆಯವರು ಬರೆದ ತಾಮ್ರ ಕರಗುವ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಎದ್ದು ಹೋಗಿ ಕೊಟ್ಟಿಗೆಯ ಕೆಲಸ ಮುಗಿಸಿ ಬಂದೆ. ಕಾಲು ತೊಳೆದು ಒಳಗೆ ಬಂದು ಗುಂಡಿ ಒತ್ತಿದಾಗ ಪರದೆ ಬೆಳಗಿತು. ಹಸಿರು ಹುಲ್ಲು, ಚಿನ್ನದ ಬಣ್ಣದ ಅಕ್ಷರಗಳು. ಅಮ್ಮ ಪಕ್ಕದಲ್ಲೇ ಬತ್ತಿ ಹೊಸೆಯುತ್ತಿದ್ದಳು. ‘ಇಷ್ಟು ಚಂದದ್ದನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದೆಯಾ?’ ಎಂದಳು.

ಪೂರ್ತಿ ಚಾರ್ಜ್ ಹಿಡಿಯಿತು. ಉಬ್ಬಿಲ್ಲ, ಬಿಸಿಯಾಗುತ್ತಿಲ್ಲ. ಈಗ ಅದು ಅದರದೇ ರಟ್ಟಿನ ಪೀಠದ ಮೇಲೆ ಮರದ ಕಪಾಟಿನಲ್ಲಿ ನಿಂತಿದೆ. ದಿನ ಬಿಟ್ಟು ದಿನ ಸಂಜೆ ಅರ್ಧ ಗಂಟೆ ಆಡುತ್ತೇನೆ, ಉಳಿದ ಹೊತ್ತು ಸಮಯ ನೋಡಲು ಗುಂಡಿ ಒತ್ತುತ್ತೇನೆ. ಜೆಲ್ಡಾದ ಮೊದಲ ಆಟದಲ್ಲಿ ಎರಡನೆಯ ನೆಲಮಾಳಿಗೆಯವರೆಗೆ ಬಂದಿದ್ದೇನೆ. ಎಲ್ಲ ಯಂತ್ರಗಳಿಗೂ ಒಂದು ಸರದಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಸೋಮವಾರ ಪಾಕೆಟ್, ಬುಧವಾರ ಲೈಟ್, ಹೀಗೆ. ಆಡಿದ ಮೇಲೆ ಸೆಲ್ ತೆಗೆದು, ಬೆರಳಿನ ಜಿಡ್ಡನ್ನು ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ ಇಡುತ್ತೇನೆ. ಚಾರ್ಜ್ ಆಗುವವುಗಳನ್ನು ಬರಿದಾಗಲು ಬಿಡುವುದಿಲ್ಲ, ಬಹಳ ದಿನ ಮುಟ್ಟದಿದ್ದರೆ ಅರ್ಧ ಚಾರ್ಜಿನಲ್ಲಿಡುತ್ತೇನೆ.

ಬಲ್ಬಿನ ಉಪಾಯ ಕೆಲಸ ಮಾಡಿದೆ. ಹಳೆಯ ಮಾದರಿಯ ಬಲ್ಬು ತೀರ್ಥಹಳ್ಳಿಯಲ್ಲಿ ಸಿಗಲಿಲ್ಲ, ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ ನಾಲ್ಕು ಸಿಕ್ಕವು. ಕರೆಂಟು ಇಲ್ಲದ ದಿನಗಳಲ್ಲಿ ಸಿಲಿಕಾ ಜೆಲ್ಲೇ ಗತಿ. ಇಂದು ಬೆಳಿಗ್ಗೆ ಮೀಟರನ್ನು ಜಗಲಿಯಲ್ಲಿಟ್ಟಾಗ 94 ತೋರಿಸಿತು. ಕಪಾಟಿನಲ್ಲಿಟ್ಟು ಒಂದು ಗಂಟೆ ಬಿಟ್ಟು ನೋಡಿದೆ, 58. ಇನ್ನೂ ಇಳಿಯಬೇಕು, ಮೇಡಂ ಹೇಳಿದಂತೆ ಫೆಬ್ರುವರಿಗೆ ಕಾಯುತ್ತೇನೆ.

ಪೆಟ್ಟಿಗೆಗಳು ದಾವಣಗೆರೆ ತಲುಪಿವೆ. ಅಕ್ಕ ಫೋಟೋ ಕಳಿಸಿದ್ದಾಳೆ, ಕಂದು ಕಲೆಯ ಮೂಲೆ ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದಾಳೆ.

ಬೆಸುಗೆಯವರೇ, ಗೇಮ್ ಗೇರ್ ಯಾವಾಗ ತರಲಿ?


ಸಾಗರದ ಬೆಸುಗೆ
ಜುಲೈ 28, ಬೆಳಿಗ್ಗೆ 6.05

ಕೆಪಾಸಿಟರ್‌ಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿಟ್ಟಿದ್ದೇನೆ. ಗುರುವಾರ ಬನ್ನಿ, ಆ ದಿನ ಸಂತೆ, ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಜನ ಕಡಿಮೆ. ಹೊಸನಗರದ ಮೇಲೆ ಬರುವುದಾದರೆ ರಸ್ತೆ ಹೇಗಿದೆ ಎಂದು ಮೊದಲು ಕೇಳಿಕೊಂಡು ಹೊರಡಿ. ಯಂತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಒಂದು ಟವಲ್ ಸುತ್ತಿ ತನ್ನಿ. ಜೆಲ್ಡಾವನ್ನೂ ಜೇಬಿನಲ್ಲಿ ಹಾಕಿಕೊಂಡು ಬನ್ನಿ, ನಾನು ಬೆಸುಗೆ ಹಾಕುವಷ್ಟು ಹೊತ್ತು ನೀವು ಸುಮ್ಮನೆ ಕುಳಿತಿರಬೇಕಲ್ಲ.